ಕ್ಷೌರದ ಕತ್ತಿಗೆ ಒಂದೇ ಕಲ್ಲು ಸಾಕು

ಗಡ್ಡದ ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ನಾಲ್ಕು ದಿನ ಗಡ್ಡ ಹೆರೆದರೆ ಉಕ್ಕೇ ಸೋಲುತ್ತದೆ. ಇದು ಹೇಗೆಂದು ನೋಡಲು ಅಮೆರಿಕದ ಎಂಐಟಿಯ ಸಂಶೋಧಕ ಜಾನ್‌ಲುಕಾ ರೊಶೋಲಿ ತಮ್ಮದೇ ಗಡ್ಡವನ್ನು ಪ್ರಯೋಗಕ್ಕೆ ಒಡ್ಡಿದರು. ಪ್ರತಿ ಸಲ ಬೋಳಿಸಿಕೊಂಡ ಮೇಲೆ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ಪರೀಕ್ಷಿಸಿದರು. ಅಂಚು ಸವೆದು ಗುಂಡಗಾಗಿರಬಹುದು ಎಂಬುದು ಎಲ್ಲರ ಊಹೆ. ಕಂಡದ್ದು ಬೇರೆ: ಅಂಚಿನ ಉಕ್ಕು ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಕೂದಲು ಓರೆಯಾಗಿ ಬಾಗಿ ತಾಗಿದಾಗ, ಉಕ್ಕಿನ ಒಳರಚನೆ ಒಂದೇ ಸಮನಾಗಿಲ್ಲದ ಕಡೆ ಹೀಗಾಗುತ್ತದೆ ಎಂದು ಅವರ ತಂಡ 2020ರ ಆಗಸ್ಟ್‌ನಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಬರೆಯಿತು.

ಅದು ಬಳಸಿ ಬಿಸಾಡುವ ಬ್ಲೇಡಿನ ಮಾತು. ಅದರ ಮಾಲೀಕನಿಗೆ ತಲೆನೋವಿಲ್ಲ, ಹಳೆಯದನ್ನು ಎಸೆದು ಹೊಸದನ್ನು ಹಾಕಿಕೊಂಡರಾಯಿತು. ಹಿಡಿಯೊಳಗೆ ಮಡಚುವ ಹಳೆಯ ಮಾದರಿಯ ಕ್ಷೌರದ ಕತ್ತಿ ಇಟ್ಟುಕೊಂಡವನಿಗೆ ಆ ಸೌಲಭ್ಯವಿಲ್ಲ. ಕತ್ತಿ ಮೊಂಡಾದರೆ ಅವನೇ ಮಸೆಯಬೇಕು. ಮಸೆಯಲು ಕಲ್ಲು ಬೇಕು. ಯಾವ ಕಲ್ಲು ಎಂದು ಕೇಳಿ ನೋಡಿ, ಹತ್ತು ಮಂದಿ ಹನ್ನೆರಡು ಉತ್ತರ ಕೊಡುತ್ತಾರೆ. ಅಂಗಡಿಯವನಂತೂ ಆರು ಕಲ್ಲಿನ ಸೆಟ್ಟನ್ನೇ ಮುಂದಿಡುತ್ತಾನೆ.

ಆ ಸೆಟ್ಟು ಬೇಡ. ಹರಿತವಾಗಿರುವ ಕತ್ತಿಯನ್ನು ಹರಿತವಾಗಿಯೇ ಉಳಿಸಿಕೊಳ್ಳಲು ಬೇಕಾದದ್ದು ನಯವಾದ ಒಂದು ಕಲ್ಲು, ಒಂದು ಚರ್ಮದ ಪಟ್ಟಿ, ಒಂದಿಷ್ಟು ತಾಳ್ಮೆ. ಉಳಿದದ್ದೆಲ್ಲ ವ್ಯಾಪಾರ.

ಈ ಚರ್ಚೆಗೆ ಈಗೇಕೆ ಜೀವ ಬಂತೆಂದರೆ, ಸತ್ತೇಹೋಯಿತು ಎಂದುಕೊಂಡಿದ್ದ ಈ ಕತ್ತಿ ಹವ್ಯಾಸಿಗಳ ಕೈಯಲ್ಲಿ ಮತ್ತೆ ಉಸಿರಾಡುತ್ತಿದೆ. ಅದನ್ನು ಮೂಲೆಗೆ ತಳ್ಳಿದವನು ಬಿಸಾಡುವ ಬ್ಲೇಡಿನ ರೇಜರು ತಂದ ಕಿಂಗ್ ಕ್ಯಾಂಪ್ ಜಿಲೆಟ್. 1903ರಲ್ಲಿ, ಮಾರಾಟದ ಮೊದಲ ವರ್ಷ, ಅವನ ಕಂಪನಿ ಮಾರಿದ್ದು 51 ರೇಜರು, 168 ಬ್ಲೇಡು ಮಾತ್ರ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕದ ಸೈನಿಕರಿಗೇ ಸುಮಾರು 35 ಲಕ್ಷ ರೇಜರು ಸರಬರಾಜಾಗಿತ್ತು. ಯುದ್ಧ ಮುಗಿಸಿ ಊರಿಗೆ ಮರಳಿದವರು ಕತ್ತಿಯತ್ತ ತಿರುಗಿ ನೋಡಲಿಲ್ಲ. ನಮ್ಮಲ್ಲಿ ಕ್ಷೌರದ ಅಂಗಡಿಗಳು ಇನ್ನೂ ಬಹುಕಾಲ ಕತ್ತಿಯನ್ನೇ ನೆಚ್ಚಿಕೊಂಡಿದ್ದವು. ಊರೂರು ಸುತ್ತುತ್ತಿದ್ದ ಕ್ಷೌರಿಕನ ಹಡಪದಲ್ಲಿ ಕತ್ತರಿ, ಕನ್ನಡಿ, ನೀರಿನ ಬಟ್ಟಲಿನ ಜೊತೆ ಅಂಗೈಯಗಲದ ಮಸೆಗಲ್ಲು ಇರುತ್ತಿತ್ತು. ಚರ್ಮದ ಪಟ್ಟಿ ಇಲ್ಲದಿದ್ದರೆ ಅಂಗೈಯೇ ಪಟ್ಟಿ. ರಕ್ತದ ಮೂಲಕ ಹರಡುವ ರೋಗಗಳ ಭಯ ಹಬ್ಬಿದ ಮೇಲೆ ಸಲೂನುಗಳು ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಹಿಡಿಗೆ ಬದಲಾದವು. ಗಿರಾಕಿಯ ಎದುರೇ ಹೊಸ ಬ್ಲೇಡು ಬಿಚ್ಚುವುದು ಸರಿಯಾದ ಕ್ರಮ, ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ಯಾರೂ ವಾದಿಸಬಾರದು. ಆದರೆ ಆ ಬದಲಾವಣೆಯ ಜೊತೆಗೆ ಮಸೆಯುವ ವಿದ್ಯೆಯೂ ಅಂಗಡಿಯಿಂದ ಹೊರಹೋಯಿತು. ಇವತ್ತು ಅಜ್ಜನ ಪೆಟ್ಟಿಗೆಯಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಕತ್ತಿ ಸಿಕ್ಕವನಿಗೋ, ಆನ್‌ಲೈನಿನಲ್ಲಿ ಜರ್ಮನಿಯ ಜೋಲಿಂಗೆನ್ ಕತ್ತಿ ತರಿಸಿಕೊಂಡವನಿಗೋ ಹೇಳಿಕೊಡಬೇಕಾದ ಕೈಗಳೇ ಕಡಿಮೆ. ಆ ಜಾಗಕ್ಕೆ ಬಂದು ಕೂತಿರುವುದು ಜಾಹೀರಾತು.

ಮೊದಲು ಒಂದು ಗೊಂದಲ ತೆಗೆಯಬೇಕು. ಕತ್ತಿಗೆ ಬಾಯಿ ಕಟ್ಟುವುದು ಒಂದು ಕೆಲಸ, ಕಟ್ಟಿದ ಬಾಯಿಯನ್ನು ಕಾಯ್ದುಕೊಳ್ಳುವುದು ಬೇರೆಯೇ ಕೆಲಸ. ತುಕ್ಕು ಹಿಡಿದ, ಚಕ್ಕೆ ಹಾರಿದ ಹಳೆಯ ಕತ್ತಿಗೆ ಮೊದಲು 1000 ನಂಬರಿನ ಒರಟು ಕಲ್ಲು ಹತ್ತಿಸಿ, ಎರಡೂ ಕಡೆಯ ಇಳಿಜಾರು ಒಂದೇ ಗೆರೆಯಲ್ಲಿ ಕೂಡುವಂತೆ ಮಾಡಬೇಕು. ಆಮೇಲೆ 4000, 8000 ಎಂದು ಮೇಲೇರುತ್ತ ಗೀರುಗಳನ್ನು ಅಳಿಸಬೇಕು. ಇದು ಕತ್ತಿಯ ಆಯುಷ್ಯದಲ್ಲಿ ಒಂದೋ ಎರಡೋ ಸಲ ಬರುವ ಕೆಲಸ. ಅದಕ್ಕೆಂದೇ ಮೂರು ನಾಲ್ಕು ಕಲ್ಲು ಕೊಳ್ಳುವುದು ದಂಡ. ಬಲ್ಲವರಿಗೆ ಕೊಟ್ಟು ಮಾಡಿಸಿಕೊಂಡರೆ ಹಣವೂ ಉಳಿಯುತ್ತದೆ, ಕತ್ತಿಯೂ ಉಳಿಯುತ್ತದೆ. ಬಲ್ಲವರು ಎಂದರೆ ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬೀದಿಯಲ್ಲಿ ಬರುವವರಲ್ಲ. ಅಡುಗೆಮನೆಯ ಚಾಕುವಿಗೆ ಅವರು ಸರಿ. ಕ್ಷೌರದ ಕತ್ತಿಯ ಕೆನ್ನೆ ಒಳಕ್ಕೆ ತಗ್ಗಿ, ಬಾಯಿಯ ಹತ್ತಿರ ಕಾಗದದಷ್ಟು ತೆಳುವಾಗಿರುತ್ತದೆ. ಗರಗರ ತಿರುಗುವ ಒಣ ಚಕ್ರದ ಕಾವಿಗೆ ಆ ತೆಳು ಉಕ್ಕು ಕ್ಷಣದಲ್ಲಿ ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಹದ ಹೋದ ಅಂಚನ್ನು ಯಾವ ಕಲ್ಲೂ ಸರಿಮಾಡಲಾರದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬೂದುಬಣ್ಣದ, ಒಂದು ಮೈ ಒರಟು ಒಂದು ಮೈ ನಯ ಇರುವ ಕಲ್ಲೂ ಅಷ್ಟೆ. ಅದು ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೊರಟು, ಕುಲುಮೆಯಲ್ಲಿ ಪಡೆದ ವಸ್ತು. 1954ರಿಂದ ಮದ್ರಾಸಿನ ಕಾರ್ಬೊರಂಡಮ್ ಯುನಿವರ್ಸಲ್ ಕಂಪನಿಯೂ ಈ ಬಗೆಯ ಸಾಣೆ ಸಾಮಾನನ್ನು ಮಾಡುತ್ತ ಬಂದಿದೆ. ಮಚ್ಚಿಗೆ, ಕುಡುಗೋಲಿಗೆ ಅದು ಹೇಳಿ ಮಾಡಿಸಿದ ಕಲ್ಲು. ಅದರ ನಯವಾದ ಮೈ ಕೂಡ ಕೆನ್ನೆಗೆ ತಾಗುವ ಅಂಚಿಗೆ ತೀರಾ ಒರಟು.

ಇನ್ನು ನಂಬರಿನ ವಿಚಾರ. ಕೊಳ್ಳುವವರನ್ನು ಹೆಚ್ಚು ದಾರಿ ತಪ್ಪಿಸುವುದು ಇದೇ. ಕಲ್ಲಿನ ಮೇಲೆ 3000, 8000, 12000, 30000 ಎಂದೆಲ್ಲ ಅಚ್ಚಾಗಿರುತ್ತದೆ. ನಂಬರು ಹೆಚ್ಚಿದಷ್ಟೂ ಕಲ್ಲಿನ ಕಣ ಸಣ್ಣದು ಎಂಬುದು ಸರಿಯೇ. ಆದರೆ ಯಾರ ಲೆಕ್ಕದ ನಂಬರು? ಜಪಾನಿನ ಜೆಐಎಸ್ ಮಾನಕದಲ್ಲಿ 1000 ಎಂದರೆ ಕಣದ ಸರಾಸರಿ ಗಾತ್ರ ಸುಮಾರು 11.5 ಮೈಕ್ರಾನ್. ಯುರೋಪಿನ ಮಾನಕದ ಪಿ-1000 ವಾಟರ್ ಪೇಪರಿನಲ್ಲಿ ಅದು 18 ಮೈಕ್ರಾನ್‌ಗಿಂತ ಹೆಚ್ಚು. ನಂಬರ್ ಒಂದೇ, ಕಣ ಮಾತ್ರ ಒಂದೂವರೆ ಪಟ್ಟು ದಪ್ಪ. ಜಪಾನಿನ ಲೆಕ್ಕವನ್ನೇ ಹಿಡಿದು ಮೇಲೆ ಹೋದರೆ 4000ಕ್ಕೆ 3 ಮೈಕ್ರಾನ್, 8000ಕ್ಕೆ 1.2 ಮೈಕ್ರಾನ್. ಮಾನಕದ ಏಣಿ ಅಲ್ಲಿಗೆ ಮುಗಿಯುತ್ತದೆ. 12000, 16000, 30000 ಎಂಬುದೆಲ್ಲ ಆಯಾ ಕಂಪನಿ ತಾನೇ ಹೇಳಿಕೊಂಡ ಮಾತು. ಒಳ್ಳೆಯ ಕಂಪನಿಯದಾದರೆ ಆ ಮಾತಿಗೆ ಬೆಲೆ ಇದೆ, ಕಣದ ಅಳತೆಯನ್ನೂ ಅದು ಹೇಳುತ್ತದೆ. ಹೆಸರೇ ಕೇಳದ ಅಗ್ಗದ ಕಲ್ಲಿನ ಮೇಲಿರುವ 12000 ಎಂಬ ಅಂಕಿಗೆ ಆಧಾರ ಕೇಳಿದರೆ ಯಾರೂ ಕೊಡಲಾರರು.

ನೆಲದಿಂದ ಅಗೆದ ಕಲ್ಲಿಗೂ ನಂಬರ್ ಅಂಟಿಸುವವರಿದ್ದಾರೆ. ಚೀನಾದ ಗುವಾಂಗ್ಸಿ ಕಡೆಯಿಂದ ಬರುವ ಕಪ್ಪುಬೂದು ಕಲ್ಲೊಂದು ಲೋಕದ ತುಂಬ ‘ಚೈನೀಸ್ 12ಕೆ’ ಎಂದೇ ಮಾರಾಟವಾಗುತ್ತದೆ. ಕೆಟ್ಟ ಕಲ್ಲೇನಲ್ಲ. ಗಟ್ಟಿ, ನಿಧಾನ, ಅಗ್ಗ. ಕೊನೆಯ ಹಂತದ ನಯಕ್ಕೆ ಸಾಕಷ್ಟು ಯೋಗ್ಯ. ಆದರೆ ಭೂಮಿಯೊಳಗೆ ಹುಟ್ಟಿದ್ದರಲ್ಲಿ ಕಣಗಳನ್ನು ಜರಡಿ ಹಿಡಿದವರು ಯಾರು? ಒಂದು ತುಂಡು ಇದ್ದ ಹಾಗೆ ಇನ್ನೊಂದು ಇರುವುದಿಲ್ಲ.

ನಂಬರಿನ ಮೇಲಿನ ನಂಬಿಕೆಯನ್ನು ಪೂರ್ತಿ ಅಲ್ಲಾಡಿಸುವ ಕಲ್ಲು ಬೆಲ್ಜಿಯಮ್ಮಿನದು. ಅಲ್ಲಿನ ಆರ್ಡೆನ್ ಬೆಟ್ಟಸಾಲಿನ ವೀಲ್ಸಾಮ್, ಲಿಯರ್ನೂ ಊರುಗಳ ಆಸುಪಾಸು ಕೊಟಿಕ್ಯೂಲ್ ಎಂಬ ಹಳದಿ ಕೆನೆಬಣ್ಣದ ಕಲ್ಲು ಸಿಗುತ್ತದೆ. ಸುಮಾರು 48 ಕೋಟಿ ವರ್ಷದ ಹಿಂದಿನ ಶಿಲೆ. ನೀಲಿ ಬಣ್ಣದ ಪದರಗಲ್ಲಿನ ನಡುವೆ ಕೆಲವೇ ಸೆಂಟಿಮೀಟರ್ ದಪ್ಪದ ಎಳೆಯಾಗಿ ಓಡುವುದರಿಂದ ತೆಗೆಯುವುದು ಕಷ್ಟ, ತೆಗೆದದ್ದೂ ತೆಳು. ಹಾಗಾಗಿ ಒಡೆಯದಿರಲೆಂದು ಸ್ಲೇಟಿನ ಹಲಗೆಗೆ ಅಂಟಿಸಿ ಮಾರುತ್ತಾರೆ. ಈ ಕಲ್ಲಿನ ಕೆಲಸವೆಲ್ಲ ಅದರೊಳಗಿನ ಗಾರ್ನೆಟ್ ಹರಳುಗಳದು. ಹರಳುಗಳ ಗಾತ್ರ ಸುಮಾರು 5ರಿಂದ 15 ಮೈಕ್ರಾನ್. ಜಪಾನಿನ ಲೆಕ್ಕದಲ್ಲಿ ಹಾಕಿದರೆ ಇದು 1000–2000 ನಂಬರಿನ ಒರಟುಗಲ್ಲು ಆಗಬೇಕಿತ್ತು! ಆದರೆ ತಲೆಮಾರುಗಟ್ಟಲೆ ಯುರೋಪಿನ ಕ್ಷೌರಿಕರು ಕತ್ತಿಯ ಕೊನೆಯ ನಯಕ್ಕೆ ಬಳಸಿದ್ದು ಇದನ್ನೇ. ಕಾರಣ ಹರಳಿನ ಆಕಾರ. ಹಲವು ಮುಖಗಳ, ಹೆಚ್ಚುಕಡಿಮೆ ಉರುಟಾದ ಹರಳು ಉಕ್ಕಿನಲ್ಲಿ ಆಳಕ್ಕೆ ಇಳಿಯುವುದಿಲ್ಲ. ಅಗಲವಾದ, ಆಳವಿಲ್ಲದ ಗೀರು ಬಿಡುತ್ತದೆ. ಕಣದ ಗಾತ್ರದಷ್ಟೇ ಅದರ ಆಕಾರ, ಗಡಸು, ಕಲ್ಲಿನಲ್ಲಿ ಅದು ಎಷ್ಟು ಬಿಗಿಯಾಗಿ ಕೂತಿದೆ ಎಂಬುದೂ ಮುಖ್ಯ. ಡಬ್ಬಿಯ ಮೇಲಿನ ಅಂಕಿ ಇದ್ಯಾವುದನ್ನೂ ಹೇಳುವುದಿಲ್ಲ.

ಕೊಟಿಕ್ಯೂಲಿಗೆ ಇನ್ನೊಂದು ಗುಣವಿದೆ. ಅದೇ ಕಲ್ಲಿನ ಸಣ್ಣ ತುಂಡಿನಿಂದ ನೀರು ಹಾಕಿ ಉಜ್ಜಿದರೆ ಹಾಲಿನಂಥ ರಾಡಿ ಏಳುತ್ತದೆ. ರಾಡಿಯಲ್ಲಿ ಬಿಡಿ ಹರಳುಗಳು ತೇಲುತ್ತಿರುವಾಗ ಕಲ್ಲು ಚುರುಕಾಗಿ ಉಕ್ಕು ತಿನ್ನುತ್ತದೆ. ಹನಿ ಹನಿ ನೀರು ಸೇರಿಸಿ ರಾಡಿಯನ್ನು ತಿಳಿಯಾಗಿಸುತ್ತ ಹೋದಂತೆ ನಿಧಾನವಾಗುತ್ತದೆ. ಬರೀ ನೀರಿನಲ್ಲಿ ನಯ ಮಾಡುವುದಷ್ಟೇ ಅದರ ಕೆಲಸ. ಅಂದರೆ ಮೂರು ಕಲ್ಲಿನ ಕೆಲಸವನ್ನು ಒಂದು ಕಲ್ಲು, ಒಂದು ಲೋಟ ನೀರು ಮಾಡುತ್ತವೆ. ಕಲಿಯಲು ಹೊತ್ತು ಹಿಡಿಯುತ್ತದೆ ಎಂಬುದು ನಿಜ, ರಾಡಿ ಎಷ್ಟು ತೆಳುವಾದಾಗ ಏನಾಗುತ್ತದೆಂದು ಕೈಗೇ ಗೊತ್ತಾಗಬೇಕು.

ನೀರಿನ ಮಾತು ಬಂದಮೇಲೆ ಎಂಜಲಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಮೊದಲನೆಯ ಶತಮಾನದ ರೋಮನ್ ಪಂಡಿತ ಪ್ಲಿನಿ ತನ್ನ ‘ನ್ಯಾಚುರಲ್ ಹಿಸ್ಟರಿ’ಯಲ್ಲಿ ಮಸೆಗಲ್ಲುಗಳನ್ನು ವಿಂಗಡಿಸುತ್ತಾನೆ: ಕೆಲವಕ್ಕೆ ಎಣ್ಣೆ ಬೇಕು, ಕೆಲವಕ್ಕೆ ನೀರು, ಕ್ಷೌರದಂಗಡಿಯ ಒಂದು ಬಗೆಗೆ ಮನುಷ್ಯನ ಎಂಜಲು. ಮಡಿವಂತರು ಮೂಗು ಮುರಿಯಬಹುದು. ಕ್ಷೌರಿಕನ ಕಲ್ಲು ಬೇರೆ, ಉಳಿದವರ ಕಲ್ಲು ಬೇರೆ ಎಂಬುದು ಎರಡು ಸಾವಿರ ವರ್ಷದ ಹಿಂದೆಯೇ ಗೊತ್ತಿದ್ದ ಸಂಗತಿ ಎನ್ನುವುದಕ್ಕೆ ಮಾತ್ರ ಇದು ಸಾಕ್ಷಿ.

ಹೆಸರಾಂತ ಕಲ್ಲುಗಳು ಇನ್ನೂ ಇವೆ. ಜರ್ಮನಿಯ ತೂರಿಂಗಿಯಾದ ಎಷರ್ ಕಲ್ಲುಗಳ ಗಣಿ ನಿಂತು ಎಷ್ಟೋ ಕಾಲವಾಯಿತು. ಹಳೆಯ ಚೀಟಿ ಮಾಸದೆ ಉಳಿದ ತುಂಡಿಗೆ ಸಂಗ್ರಾಹಕರು ಮುಗಿಬೀಳುತ್ತಾರೆ. ಅಲ್ಲಿ ಅವರು ದುಡ್ಡು ಕೊಡುವುದು ಚೀಟಿಗೆ. ಕ್ಯೋಟೋ ಹತ್ತಿರದ ನಾಕಯಾಮಾ ಗಣಿಯ ಕಲ್ಲು ಜಪಾನಿನ ಕತ್ತಿ ಕಸುಬುದಾರರಿಗೆ ಪೂಜ್ಯ, ಆ ಗಣಿಯೂ ಈಗ ಮುಚ್ಚಿದೆ. ಅಮೆರಿಕದ ಅರ್ಕಾನ್ಸಾ ಕಲ್ಲು ಎಣ್ಣೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಬಲು ನಿಧಾನ. ಇವೆಲ್ಲ ಒಳ್ಳೆಯವೇ. ಮೊದಲ ಕತ್ತಿ ಕೊಂಡವನು ಇವುಗಳ ಹಿಂದೆ ಬೀಳಬಾರದು, ಅಷ್ಟೆ. ಒಳ್ಳೆಯ ತುಂಡಾವುದು, ಬರೀ ಹೆಸರಿನ ತುಂಡಾವುದು ಎಂದು ಗುರುತಿಸುವ ಕಣ್ಣು ಅವನಿಗೆ ಇನ್ನೂ ಬಂದಿರುವುದಿಲ್ಲ.

ಅವನಿಗೆ ಕಾರ್ಖಾನೆಯ ಕಲ್ಲೇ ವಾಸಿ. ಜಪಾನಿನ ನಾನಿವಾ ಕಂಪನಿಯ 12000 ನಂಬರಿನ ಕಲ್ಲು ಈ ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿದೆ. ಅಮೆರಿಕದ ನಾರ್ಟನ್ನಿನ 4000–8000 ಜೋಡಿಗಲ್ಲೂ ಹಾಗೆಯೇ. ಒಂದು ಕಲ್ಲು ಇದ್ದ ಹಾಗೇ ಇನ್ನೊಂದು ಇರುತ್ತದೆ, ಒಬ್ಬನ ಅನುಭವ ಇನ್ನೊಬ್ಬನಿಗೆ ಉಪಯೋಗಕ್ಕೆ ಬರುತ್ತದೆ, ನೀರು ಚಿಮುಕಿಸಿದರೆ ಕೆಲಸ ಶುರು. 8000ಕ್ಕೂ 12000ಕ್ಕೂ ನಡುವೆ ಏನಾದರೂ ಆಯ್ದುಕೊಂಡರೆ ದಿನನಿತ್ಯದ ಗಡ್ಡಕ್ಕೆ ಸಾಕು. ಅದಕ್ಕೂ ಮೇಲೆ ಹೋದರೆ ವ್ಯತ್ಯಾಸ ಕಾಣುವುದು ಸೂಕ್ಷ್ಮದರ್ಶಕಕ್ಕೆ, ಕೆನ್ನೆಗೆ ಅಷ್ಟಾಗಿ ಅಲ್ಲ.

ನಂಬರಿಗಿಂತ ಮುಂಚೆ ನೋಡಬೇಕಾದದ್ದು ಕಲ್ಲಿನ ಸಮತಟ್ಟು. ಚಾಕು ಮಸೆಯುವಾಗ ಕೋನವನ್ನು ಕೈಯೇ ಹಿಡಿದಿಡಬೇಕು. ಕ್ಷೌರದ ಕತ್ತಿಯ ಜಾಣತನ ಇರುವುದೇ ಇಲ್ಲಿ, ಅದರ ಕೋನ ಅದರ ಮೈಯಲ್ಲೇ ಇದೆ. ಕತ್ತಿಯನ್ನು ಕಲ್ಲಿನ ಮೇಲೆ ಅಡ್ಡ ಮಲಗಿಸಿದರೆ ದಪ್ಪನೆಯ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ. ಆಗ ಒಟ್ಟು ಕೋನ ತಾನಾಗಿ 15–18 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಕಲ್ಲು ನಡುವೆ ತಗ್ಗಿದ್ದರೆ ಈ ಲೆಕ್ಕವೆಲ್ಲ ಕೆಟ್ಟಿತು. ಆದ್ದರಿಂದ ಹೊಸ ಕಲ್ಲನ್ನೂ ನಂಬುವಂತಿಲ್ಲ. ಅದರ ಮೇಲೆ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಹಾಕಿ ಉಜ್ಜಬೇಕು. ಅಂಚಿನ ಗೆರೆ ಅಳಿಸಿ ನಡುವಿನ ಗೆರೆ ಉಳಿದರೆ ಅಲ್ಲಿ ತಗ್ಗಿದೆ. ಎಲ್ಲ ಗೆರೆ ಹೋಗುವ ತನಕ ಉಜ್ಜಿದರೆ ಕಲ್ಲು ಸಿದ್ಧ. ಸಾವಿರಾರು ರೂಪಾಯಿ ಕೊಟ್ಟು ಕಲ್ಲು ತಂದವರೂ ಈ ಕೆಲಸ ಬಿಟ್ಟುಬಿಡುತ್ತಾರೆ, ಆಮೇಲೆ ಕಲ್ಲನ್ನು ದೂರುತ್ತಾರೆ.

ಮಸೆಯುವಾಗ ಕಣ್ಣಿಗೆ ಕಾಣುವ ಗುರುತುಗಳಿವೆ. ಅಂಚಿನ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಮಸಿ ಬಳಿದು ಒಂದೇ ಸಲ ಕಲ್ಲಿನ ಮೇಲೆ ಎಳೆಯಿರಿ. ಮಸಿ ಹೋದ ಕಡೆ ಕಲ್ಲು ತಾಗಿದೆ, ಉಳಿದ ಕಡೆ ತಾಗಿಲ್ಲ. ಹಿಮ್ಮಡಿಯಿಂದ ತುದಿಯವರೆಗೂ ಮಸಿ ಹೋಗುತ್ತಿದ್ದರೆ ಕೈ ಕೂತಿದೆ ಎಂದರ್ಥ. ಕಲ್ಲಿನ ಮೇಲೆ ತೆಳ್ಳಗೆ ನೀರು ನಿಲ್ಲಿಸಿ ಬಾಯಿ ಮುಂದಾಗಿ ತಳ್ಳಿದರೆ ನೀರು ಅಲಗಿನ ಮುಂದೆ ಅಲೆಯಾಗಿ ಓಡುತ್ತದೆ. ಅಂಚು ಪಕ್ಕಾ ಆದಂತೆ ಆ ನೀರು ಉದ್ದಕ್ಕೂ ಅಲಗಿನ ಮೇಲೆ ಹತ್ತಿಕೊಂಡು ಬರುತ್ತದೆ. ಒತ್ತಡ ಕೂಡದು, ಕತ್ತಿಯ ತೂಕವೇ ಸಾಕು. ತಿರುಗಿಸುವಾಗ ಬೆನ್ನಿನ ಮೇಲೆ ತಿರುಗಿಸಬೇಕು, ಬಾಯಿಯ ಮೇಲೆ ಒಮ್ಮೆ ತಿರುಗಿದರೂ ಅಷ್ಟು ಹೊತ್ತಿನ ಕೆಲಸ ಮಣ್ಣುಪಾಲು. ಕಲ್ಲಿನ ಅಗಲ ಕತ್ತಿಯ ಉದ್ದಕ್ಕಿಂತ ಕಡಿಮೆ ಇದ್ದರೆ ಭಯವಿಲ್ಲ, ಓರೆಯಾಗಿ ಎಳೆಯುತ್ತ ಹಿಮ್ಮಡಿಯಿಂದ ತುದಿಗೆ ಬಂದರಾಯಿತು. ಹಳೆಯ ಕ್ಷೌರಿಕರ ಕಲ್ಲುಗಳು ಅಂಗೈಯೊಳಗೆ ಕೂರುವಷ್ಟೇ ಇದ್ದವು.

ಒಂದು ಆಕ್ಷೇಪ ಬರಬಹುದು. ಒಂದೇ ನಯದ ಕಲ್ಲು ಇಟ್ಟುಕೊಂಡರೆ, ಕತ್ತಿ ಕೈಜಾರಿ ನಲ್ಲಿಗೆ ಬಡಿದು ಚಕ್ಕೆ ಹಾರಿದರೆ ಏನು ಗತಿ? ಗತಿ ಮೊದಲೇ ಹೇಳಿದ್ದು, ಬಲ್ಲವರಿಗೆ ಕಳಿಸುವುದು. 12000 ಕಲ್ಲಿನ ಮೇಲೆ ಆ ಚಕ್ಕೆ ತೆಗೆಯಲು ಕೂತರೆ ವಾರ ಕಳೆದರೂ ಮುಗಿಯುವುದಿಲ್ಲ. ಅಪರೂಪಕ್ಕೆ ಬರುವ ಆಪತ್ತಿಗಾಗಿ ಮನೆಯಲ್ಲೇ ಕಾರ್ಖಾನೆ ಇಡಬೇಕಿಲ್ಲ. ಹಳೆಯ ಕತ್ತಿಗಳನ್ನು ಹುಡುಕಿ ತಂದು ಬದುಕಿಸುವುದೇ ಹವ್ಯಾಸವಾದರೆ ಮಾತು ಬೇರೆ, ಅವರಿಗೆ ಪೂರ್ತಿ ಸೆಟ್ಟು ಬೇಕೇ ಬೇಕು.

ಕಲ್ಲಿಗೆ ಕೆಲಸ ಕಡಿಮೆ ಮಾಡುವುದು ಚರ್ಮದ ಪಟ್ಟಿ. ಪ್ರತಿ ಸಲ ಗಡ್ಡಕ್ಕೆ ಮುಂಚೆ ಒಂದಿಷ್ಟು ಸಲ ಪಟ್ಟಿಯ ಮೇಲೆ ತೀಡಬೇಕು. ಕಲ್ಲಿನ ಮೇಲೆ ಬಾಯಿ ಮುಂದು, ಪಟ್ಟಿಯ ಮೇಲೆ ಬೆನ್ನು ಮುಂದು. ತಪ್ಪಿದರೆ ಪಟ್ಟಿ ಸೀಳುತ್ತದೆ. ಹೊಸಬರು ಮೊದಲ ಪಟ್ಟಿಯನ್ನು ಗೀರುವುದು ಸಾಮಾನ್ಯ, ಹಾಗಾಗಿ ಅಗ್ಗದ್ದನ್ನೇ ಕೊಳ್ಳುವುದು ಬುದ್ಧಿವಂತಿಕೆ. ದಿನಾ ಸರಿಯಾಗಿ ತೀಡಿದ ಕತ್ತಿಗೆ ಕಲ್ಲು ಬೇಕಾಗುವುದು ಗಡ್ಡದ ಒರಟುತನ ನೋಡಿಕೊಂಡು ಒಂದೆರಡು ತಿಂಗಳಿಗೊಮ್ಮೆ, ಅದೂ ಹತ್ತಿಪ್ಪತ್ತು ಎಳೆತಕ್ಕೆ. ಇಷ್ಟು ಕೆಲಸಕ್ಕೆ ಆರು ಕಲ್ಲೇ?

ಮಾರುವವರನ್ನೂ ಒಂದು ಮಾತು ಕೇಳಬೇಕಿದೆ. ಪೊಟ್ಟಣದ ಮೇಲೆ ಬೆಲೆ, ತಯಾರಕರ ಹೆಸರು, ವಿಳಾಸ ಅಚ್ಚಾಗಿರಬೇಕೆಂದು ನಮ್ಮ ದೇಶದ 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಸಾಣೆಕಲ್ಲಿನ ಪೆಟ್ಟಿಗೆಯ ಮೇಲೆ ಇವೆಲ್ಲ ಇದ್ದರೂ ಕೊಳ್ಳುವವನಿಗೆ ನಿಜಕ್ಕೂ ಬೇಕಾದ ಒಂದು ಅಳತೆ ಎಷ್ಟೋ ಸಲ ಇರುವುದಿಲ್ಲ. ನಂಬರಿನ ಪಕ್ಕ ಅದು ಯಾವ ಮಾನಕದ್ದು, ಕಣದ ಗಾತ್ರ ಎಷ್ಟು ಮೈಕ್ರಾನ್ ಎಂಬ ಎರಡು ವಿವರ ಹಾಕಲು ಹೆಚ್ಚುವರಿ ಖರ್ಚೇನೂ ಇಲ್ಲ. ತಯಾರಕರು, ಆಮದುದಾರರು ಅದನ್ನು ಅಚ್ಚು ಹಾಕಲಿ. ಅಲ್ಲಿಯವರೆಗೆ ಕಲ್ಲು ಕೊಳ್ಳಲು ಹೋದವರು ಈ ಎರಡು ಪ್ರಶ್ನೆಗಳನ್ನು ಅಂಗಡಿಯಲ್ಲೇ ಕೇಳಿ. ಉತ್ತರ ಸಿಗದಿದ್ದರೆ ಹಣವನ್ನು ಜೇಬಿನಲ್ಲೇ ಇಟ್ಟುಕೊಂಡು ಬನ್ನಿ.